ಕರಕರ ಅನ್ನಿಸಿದರೆ ಕೈ ಎತ್ತಿ

ಹಲ್ಲಕ್ಕ ಅಂದರೆ ಸಾಕು, ಆ ಬೀದಿಯಲ್ಲಿ ಯಾರನ್ನು ಕೇಳಿದರೂ ಮನೆ ತೋರಿಸುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಅದು ಕಾಗದಪತ್ರಗಳಲ್ಲಿ ಮಾತ್ರ ಉಳಿದುಕೊಂಡಿತ್ತು. ಇಪ್ಪತ್ತೇಳು ವರ್ಷ ಒಂದೇ ಹಲ್ಲಿನ ಆಸ್ಪತ್ರೆಯಲ್ಲಿ, ಒಂದೇ ಕುರ್ಚಿಯ ಪಕ್ಕದಲ್ಲಿ ಕೂತು, ಊರಿನವರ ಹಲ್ಲಿಗೆ ಕಟ್ಟಿದ ಗಾರೆಯನ್ನು ಕೆರೆದು ತೆಗೆದವಳು ಅವಳು. ದಾರಿಯಲ್ಲಿ ಎದುರಾದವರು ಮೊದಲು ತುಟಿ ಬಿಗಿದು ನಗುತ್ತಿದ್ದರು, ಆಮೇಲೆ ಮಾತಿಗೆ ಬರುತ್ತಿದ್ದರು. ತರಕಾರಿ ಅಂಗಡಿಯವನಂತೂ ಅವಳು ಮೂಲೆ ತಿರುಗಿದ್ದು ಕಂಡರೆ ಬಾಯಲ್ಲಿದ್ದದ್ದನ್ನು ಉಗಿದು, ಏನೂ ಅರಿಯದವನಂತೆ ತಕ್ಕಡಿ ಹಿಡಿದು ನಿಲ್ಲುತ್ತಿದ್ದ.

ಆಸ್ಪತ್ರೆ ಇದ್ದದ್ದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಅವಳ ಕೋಣೆಗೆ ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಯನ್ನೇ ನೋಡಿಕೊಂಡು ನಿಂತಿತ್ತು. ಕುರ್ಚಿಯ ಬಲತೋಳಿನ ರೆಕ್ಸಿನ್ ಹರಿದು ಟೇಪು ಸುತ್ತಿಸಿಕೊಂಡಿತ್ತು; ಹೆದರಿದವರೆಲ್ಲ ಅದೇ ಜಾಗವನ್ನು ಹಿಡಿದು ಹಿಡಿದು ಆದ ಹರಕು ಅದು.

ಕೆಲಸಕ್ಕೆ ಅವಳದೇ ಒಂದು ಕ್ರಮವಿತ್ತು. ಹಲ್ಲಿಗೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಕತ್ತು. ದವಡೆಯ ಕೆಳಗೆ, ಕಿವಿಯ ಹಿಂದೆ ಎರಡೂ ಕೈಯ ಬೆರಳಿಟ್ಟು ಮೆಲ್ಲಗೆ ಒತ್ತುತ್ತಾ ಬರುತ್ತಿದ್ದಳು, ಎಲ್ಲಾದರೂ ಕ್ಯಾನ್ಸರಿನ ಸುಳಿವು ಕೊಡುವ ಗಂಟು ಸಿಗುತ್ತದೆಯೋ ಎಂದು. ಹೊಸಬರು ಗಾಬರಿಯಾಗುತ್ತಿದ್ದರು.

"ಹಲ್ಲು ತೋರ್ಸೋಕೆ ಬಂದ್ರೆ ಕತ್ತು ಹಿಸುಕ್ತೀರಲ್ಲ."

"ನಿಮ್ಮ ಮನೆಯವ್ರು ಹೇಳಿ ಕಳ್ಸಿದ್ದಾರೆ, ಸುಮ್ನಿರಿ," ಅನ್ನುತ್ತಿದ್ದಳು.

ಆಮೇಲೆ ತುಟಿ ಮಡಿಸಿ ನೋಡುವುದು, ಕೆನ್ನೆಯ ಒಳಗೋಡೆ, ನಾಲಿಗೆಯನ್ನು ಹತ್ತಿಬಟ್ಟೆಯಲ್ಲಿ ಹಿಡಿದು ಆ ಕಡೆ ಈ ಕಡೆ ಎಳೆದು ಅಂಚು ನೋಡುವುದು, ನಾಲಿಗೆಯ ಅಡಿ. ಇಷ್ಟು ಮುಗಿದ ಮೇಲೆ ತಟ್ಟೆಯಲ್ಲಿ ಸಾಲಾಗಿ ಮಲಗಿದ್ದ ಉಕ್ಕಿನ ಕಡ್ಡಿಗಳಿಗೆ ಬರುತ್ತಿದ್ದಳು. ಕಡ್ಡಿಯ ತುದಿಗೆ ಅಂಟಿದ ಕಾಸಗಲದ ಕನ್ನಡಿ. ಹಲ್ಲಿಗೂ ವಸಡಿಗೂ ನಡುವಿನ ಸಂದು ಎಷ್ಟು ಆಳ ಎಂದು ನೋಡುವುದಕ್ಕೆ ಮಿಲಿಮೀಟರಿನ ಗೆರೆ ಹಾಕಿದ ಅಳತೆಕಡ್ಡಿ. ವಸಡಿನ ಮೇಲಿನ ಗಾರೆಗೆ ಕುಡುಗೋಲಿನಂತೆ ಬಾಗಿದ, ಎರಡೂ ಅಂಚು ಹರಿತವಿರುವ ಸ್ಕೇಲರ್. ವಸಡಿನ ಒಳಗೆ ಇಳಿಸುವುದಕ್ಕೆ ಮೂತಿ ದುಂಡಗಿರುವ ಕ್ಯುರೆಟ್. ಅದು ಚರ್ಮವನ್ನು ಕೊಯ್ಯುವುದಿಲ್ಲ. ಮತ್ತು ಎಲ್ಲಕ್ಕಿಂತ ತೆಳ್ಳಗಿನದು, ಮೀನಿನ ಮುಳ್ಳಿನಂತೆ ಬಾಗಿದ ಒಂದು ಸೂಜಿ. ಅದಕ್ಕೆ ಇಂಗ್ಲಿಷಿನ ಹೆಸರೊಂದಿದ್ದರೂ ಹಲ್ಲಕ್ಕ ಅದನ್ನು ತಡಕುಸೂಜಿ ಎನ್ನುತ್ತಿದ್ದಳು.

ನೀರು ಚಿಮ್ಮಿಸುತ್ತಾ ಗುಂಯ್ ಎನ್ನುವ ಯಂತ್ರ ಬಂದು ಹನ್ನೆರಡು ವರ್ಷವಾಗಿತ್ತು. ದಪ್ಪ ಗಾರೆಯನ್ನು ಅದು ಚೆಲ್ಲಾಪಿಲ್ಲಿ ಮಾಡುತ್ತಿತ್ತು, ನಿಜ. ಆದರೆ ವಸಡಿನ ಕೆಳಗೆ, ಕಣ್ಣು ಹೋಗದ ಕಡೆ, ಬೇರಿಗೆ ಕಚ್ಚಿಕೊಂಡ ಕರಿ ಚೂರು ಹೋಯಿತೋ ಉಳಿಯಿತೋ ಎಂದು ಯಂತ್ರಕ್ಕೇನು ಗೊತ್ತು? ಅದನ್ನು ಹೇಳುವುದು ತಡಕುಸೂಜಿ. ಬೇರಿನ ಮೇಲೆ ಅದನ್ನು ಎಳೆದರೆ, ನಯವಿದ್ದಲ್ಲಿ ಗಾಜಿನ ಮೇಲೆ ಜಾರಿದಂತೆ ಜಾರುತ್ತದೆ. ಗಾರೆಯಿದ್ದಲ್ಲಿ ಸಣ್ಣಗೆ ಕರಕರ ಎಂದು ತಡೆಯುತ್ತದೆ. ಆ ಕರಕರ ಕಡ್ಡಿಯೊಳಗೆ ಹರಿದು ಬಂದು ಹೆಬ್ಬೆರಳು, ತೋರುಬೆರಳು, ನಡುಬೆರಳಿನ ತುದಿಗೆ ಮುಟ್ಟುತ್ತದೆ. ಅದನ್ನು ಹಿಡಿಯಲು ಹಲ್ಲಕ್ಕ ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಮೂರು ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ದರ್ಜಿ ಮಾಸ್ಟರ್ ಮೊದಲ ಸಲ ಅದನ್ನು ಕಂಡಾಗ ಬಾಯಿ ತೆರೆದುಕೊಂಡೇ ಏನೋ ಗೊಣಗಿದ್ದ. ಕಡ್ಡಿ ಹೊರಗೆ ತೆಗೆದ ಮೇಲೆ ಗೊತ್ತಾಯಿತು.

"ನಿದ್ದೆ ಬಂತಾ ಹಲ್ಲಕ್ಕ? ಬೇಕಾದ್ರೆ ಕುರ್ಚಿ ಬಿಟ್ಕೊಡ್ತೀನಿ."

"ಮಾಸ್ಟ್ರೇ, ನೀವು ಬಟ್ಟೆ ಮುಟ್ಟಿ ನೋಡುವಾಗ ಬಣ್ಣ ನೋಡ್ತೀರಾ, ಬೆರಳನ್ನ ಕೇಳ್ತೀರಾ?"

ಮಾಸ್ಟರ್ ಸ್ವಲ್ಪ ಯೋಚಿಸಿ, "ಸರಿ, ಮುಚ್ಕೊಳ್ಳಿ," ಅಂದ. ಅಂದಿನಿಂದ ಅವನು ಬೇರೆ ಯಾರ ಕೈಗೂ ಬಾಯಿ ಕೊಡಲಿಲ್ಲ. ಅರವತ್ತು ದಾಟಿದವನು, ವಸಡು ಸಡಿಲ, ಹಿಂದಿನ ಹಲ್ಲುಗಳ ಸುತ್ತ ಸಂದು ಆಳ. ಆಸ್ಪತ್ರೆಯವರು ಆ ಸಂದನ್ನು ಪಾಕೆಟ್ ಎನ್ನುವುದು ಕೇಳಿ, "ನಾನು ನಲವತ್ತು ವರ್ಷದಿಂದ ಜೇಬು ಹೊಲೀತಿದ್ದೀನಿ, ನನ್ನ ಬಾಯಲ್ಲೇ ಯಾರೋ ಹೊಲಿದಿಟ್ಟಿದ್ದಾರೆ," ಎಂದು ತನ್ನ ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ, ಅವಳಿಗೆ ಐವತ್ತೆರಡು ತುಂಬಿದ ವರ್ಷ, ಬೆಳಿಗ್ಗೆ ಎದ್ದರೆ ಬಲಗೈಗೆ ಜೋಮು ಹಿಡಿದಿರುತ್ತಿತ್ತು. ಕೊಡವಿದರೆ ಹೋಗುತ್ತಿತ್ತು. ವಯಸ್ಸು ಅಂದುಕೊಂಡಳು. ಆಮೇಲೆ ಜೋಮು ಬರುವುದೇ ನಿಂತಿತು. ಸದ್ಯ, ತಾನಾಗಿ ಹೋಯಿತಲ್ಲ ಎಂದು ಸಮಾಧಾನಪಟ್ಟಳು. ಅದು ಹೋಗುವಾಗ ಜೊತೆಗೆ ಏನನ್ನು ಕರೆದುಕೊಂಡು ಹೋಯಿತು ಎಂದು ತಿಳಿಯುವುದಕ್ಕೆ ಇನ್ನೂ ಕೆಲವು ವಾರ ಬೇಕಾಯಿತು.

ವಾರಕ್ಕೊಮ್ಮೆ ಅವಳು ಕಡ್ಡಿಗಳಿಗೆ ಸಾಣೆ ಹಿಡಿಯುತ್ತಿದ್ದಳು. ಕಲ್ಲಿನ ಮೇಲೆ ಎರಡು ಹನಿ ಎಣ್ಣೆ, ಸ್ಕೇಲರಿನ ಅಂಚನ್ನು ಸರಿಯಾದ ಓರೆಗೆ ಹಿಡಿದು ಮೇಲೆ ಕೆಳಗೆ. ಒಂದು ದಿನ ಹಾಗೆ ಕೂತಿದ್ದಾಗ ಎಣ್ಣೆ ಕೆಂಪಗಾಯಿತು. ತುಕ್ಕೇನೋ ಎಂದು ಒರೆಸಿದಳು. ಮತ್ತೆ ಕೆಂಪು. ಕೈ ಎತ್ತಿ ನೋಡಿದರೆ ತೋರುಬೆರಳ ತುದಿ ಸೀಳಿ ರಕ್ತ ಇಳಿಯುತ್ತಿತ್ತು. ಬೆರಳು ಅವಳದೇ. ನೋವು ಮಾತ್ರ ಯಾರದೋ ಮನೆಗೆ ಹೋಗಿಬಿಟ್ಟಿತ್ತು.

ಮನೆಯಲ್ಲಿ ಅದನ್ನು ಮೊದಲು ಹಿಡಿದವಳು ಅತ್ತೆ. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆ ಅಂದರೆ ಅತ್ತೆ ಸೊಸೆ ಇಬ್ಬರೇ. ಅತ್ತೆಯ ಬಾಯಲ್ಲಿ ಉಳಿದಿದ್ದದ್ದು ನಾಲ್ಕು ಹಲ್ಲು, ಅವನ್ನು ಸೊಸೆಯ ಕಣ್ಣಿಗೂ ಬೀಳದಂತೆ ಕಾಪಾಡಿಕೊಂಡಿದ್ದಳು. ಅವತ್ತು ಒಲೆಯಿಂದ ಇಳಿಸಿದ ಟೀಯನ್ನು ಸ್ಟೀಲಿನ ಲೋಟಕ್ಕೆ ಬಗ್ಗಿಸಿ, ಸೆರಗಿನಲ್ಲಿ ಹಿಡಿದು ತಂದು ಕೊಟ್ಟಳು. ಸೊಸೆ ಬರಿಗೈಯಲ್ಲಿ ತೆಗೆದುಕೊಂಡು, ಹಾಗೇ ಹಿಡಿದುಕೊಂಡು ಮಾತಾಡುತ್ತಾ ನಿಂತಳು.

"ಅದನ್ನ ಕೆಳಗಿಡೇ."

"ಯಾಕತ್ತೆ?"

"ಸೆರಗಿದ್ದೂ ನನ್ನ ಕೈ ಸುಡ್ತು. ನೀನು ಗೊಂಬೆ ಥರ ಹಿಡ್ಕೊಂಡು ನಿಂತಿದ್ದೀಯ." ಮುದುಕಿ ಅವಳ ಕೈ ಎಳೆದು ನೋಡಿದಳು. ಬೆರಳು ಮೂರೂ ಕೆಂಡದ ಬಣ್ಣಕ್ಕೆ ತಿರುಗಿದ್ದವು. "ಯಾವತ್ತಿಂದ ಹೀಗೆ?"

"ಯಾರಿಗೂ ಹೇಳ್ಬೇಡಿ ಅತ್ತೆ."

"ನಾನ್ಯಾರಿಗೆ ಹೇಳ್ಲಿ, ನನ್ನ ನಾಲ್ಕು ಹಲ್ಲಿಗಾ? ನಿನ್ನ ಡಾಕ್ಟ್ರಿಗೆ ನೀನೇ ಹೇಳು."

ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಮೆಟ್ಟಿಲು ಹತ್ತುತ್ತಿದ್ದಳು, ನಾಳೆ ಎಂದುಕೊಂಡೇ ಇಳಿಯುತ್ತಿದ್ದಳು. ಆ ಕುರ್ಚಿಯ ಪಕ್ಕದಿಂದ ಎದ್ದರೆ ಮುಂದೆ ಎಲ್ಲಿ ಕೂರಬೇಕೆಂಬುದು ಅವಳಿಗೆ ತೋಚುತ್ತಿರಲಿಲ್ಲ. ಕೈ ಬೇರೆ ಯಾವ ಕೆಲಸವನ್ನೂ ಕಲಿತಿರಲಿಲ್ಲ.

ಅದಕ್ಕೊಂದು ಉಪಾಯ ಹುಡುಕಿಕೊಂಡಳು. ತನ್ನ ಬೆರಳಿಗೆ ತಿಳಿಯದಿದ್ದರೇನು, ಹಲ್ಲು ಯಾರದೋ ಅವರಿಗೆ ತಿಳಿಯುತ್ತದಲ್ಲ? ಸೂಜಿ ಗಾರೆಗೆ ಸಿಕ್ಕಿದರೆ ಆ ಕರಕರ ಹಲ್ಲಿನಿಂದ ದವಡೆಗೆ, ದವಡೆಯಿಂದ ಕಿವಿಗೆ ಹೋಗುತ್ತದೆ. ಫ್ಯಾನು ಆರಿಸಿ, ಕುರ್ಚಿ ಒರಗಿಸಿ, ಬಂದವರಿಗೆಲ್ಲ ಹೇಳತೊಡಗಿದಳು:

"ಕರಕರ ಅನ್ನಿಸಿದ್ರೆ ಎಡಗೈ ಎತ್ತಿ. ನಾಚ್ಕೋಬೇಡಿ."

ಜನಕ್ಕೆ ಅದು ಇಷ್ಟವೇ ಆಯಿತು. ಕೆಲವರು ಶಾಲೆಯ ಮಕ್ಕಳಂತೆ ಉತ್ಸಾಹದಿಂದ ಎತ್ತುತ್ತಿದ್ದರು. ಡಾಕ್ಟರು ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಹಳೆಯ ಡಾಕ್ಟರಿಂದ ಆಸ್ಪತ್ರೆಯ ಜೊತೆಗೆ ಅವಳನ್ನೂ ಪಡೆದುಕೊಂಡವರು. ಬಾಗಿಲಲ್ಲಿ ನಿಂತು ನೋಡಿ, "ರೋಗಿನ ಕೇಳಿ ಕೇಳಿ ಮಾಡ್ತೀರಲ್ಲ ಅಕ್ಕ, ನಾನೂ ಕಲೀಬೇಕು," ಅಂದರು. ಅವಳು ತಲೆ ಎತ್ತಲಿಲ್ಲ. ಮುಖಕ್ಕೆ ಹಾಕಿದ್ದ ಮಾಸ್ಕು ಅಂದು ದೊಡ್ಡ ಉಪಕಾರ ಮಾಡಿತು.

ದರ್ಜಿ ಮಾಸ್ಟರ್ ಬಂದ. ಅವನಿಗೂ ಅದೇ ಮಾತು ಹೇಳಿದಳು. ಯಂತ್ರ ಆಡಿಸಿದಳು, ಕ್ಯುರೆಟ್ ಇಳಿಸಿದಳು, ಕೊನೆಗೆ ತಡಕುಸೂಜಿ ಹಿಡಿದು ಅಭ್ಯಾಸಬಲದಿಂದ ಕಣ್ಣು ಮುಚ್ಚಿದಳು. ನಡುನಡುವೆ ಒಂದು ಕಣ್ಣು ತೆರೆದು ಅವನ ಎಡಗೈ ನೋಡುತ್ತಿದ್ದಳು. ಕೈ ಹೊಟ್ಟೆಯ ಮೇಲೆ ಸುಮ್ಮನೆ ಮಲಗಿತ್ತು. ಮೇಲಿನ ಸಾಲು, ಕೆಳಗಿನ ಸಾಲು, ಬಲಗಡೆ ಕಟ್ಟಕಡೆಯ ಹಲ್ಲು. ಕೈ ಏಳಲಿಲ್ಲ.

"ಎಲ್ಲಾ ನಯ ಅಲ್ವಾ ಮಾಸ್ಟ್ರೇ?"

"ನೀವು ಮಾಡಿದ್ಮೇಲೆ ಇನ್ನೇನು."

ಕಾರ್ಡಿನಲ್ಲಿ ಬರೆದಳು: ನಯ.

ಆರು ವಾರ ಕಳೆದಿರಬೇಕು. ಮಾಸ್ಟರ್ ಹೇಳದೆ ಕೇಳದೆ ಬಂದು ನಿಂತ. ಬಲಗೆನ್ನೆ ಉಬ್ಬಿ ಕಣ್ಣು ಅರ್ಧ ಮುಚ್ಚಿತ್ತು. ಡಾಕ್ಟರು ಕೀವು ಹೊರಗೆ ಬಿಟ್ಟು, ಅಲ್ಲಾಡಿಸಿ ನೋಡಿ, ಇದು ನಿಲ್ಲುವ ಹಲ್ಲಲ್ಲ ಎಂದು ಕಿತ್ತರು. ಕಿತ್ತದ್ದನ್ನು ತಟ್ಟೆಗೆ ಹಾಕಿದಾಗ ಟಣ್ ಎಂದಿತು. ಬೇರಿನ ಹಿಂಬದಿಯಲ್ಲಿ, ಮೇಲಿಂದ ಕೆಳಕ್ಕೆ, ಕರ್ರಗೆ ದಪ್ಪನೆಯ ಗಾರೆ ಕೂತಿತ್ತು. ಡಾಕ್ಟರು ಅದನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಿರುಗಿಸಿ ನೋಡಿದರು. ಆಮೇಲೆ ಕಾರ್ಡು ನೋಡಿದರು.

"ಅದು ಹಳೇದು, ಆರು ವಾರದ್ದಲ್ಲ," ಹಲ್ಲಕ್ಕನೇ ಅಂದಳು.

"ಹ್ಞೂಂ ಅಕ್ಕ. ಹಳೇದು."

ಬಾಯಲ್ಲಿ ಹತ್ತಿಯುಂಡೆ ಕಚ್ಚಿಕೊಂಡಿದ್ದ ಮಾಸ್ಟರ್ ಇಬ್ಬರ ಮುಖವನ್ನೂ ನೋಡಿದ. ಬೇಡವೆಂದರೂ ಕೇಳದೆ ಹತ್ತಿ ಪಕ್ಕಕ್ಕೆ ಸರಿಸಿ ಮಾತಾಡಿದ.

"ಅವರ್ನೇನೂ ಅನ್ಬೇಡಿ ಡಾಕ್ಟ್ರೇ. ತಪ್ಪು ನಂದು. ಅವತ್ತು ಅಲ್ಲಿ ಕರಕರ ಅಂತಿತ್ತು."

ಹಲ್ಲಕ್ಕ ಅವನ ಕಡೆ ತಿರುಗಿದಳು. "ಕೈ ಎತ್ತಿ ಅಂದಿದ್ನಲ್ಲ ಮಾಸ್ಟ್ರೇ."

"ಅಂದ್ರಿ. ಆದ್ರೆ ನೀವು ಕಣ್ಮುಚ್ಕೊಂಡು ಕೂತಿದ್ರಿ. ನಿಮಗೆ ಗೊತ್ತಾಗದೇ ಇರೋದು ನನಗೇನು ಗೊತ್ತಾಗುತ್ತೆ? ನಾನು ಅಳತೆ ತಗೊಳ್ಳುವಾಗ ಅಲ್ಲಿ ಬಿಗಿ, ಇಲ್ಲಿ ಸಡಿಲ ಅಂತ ಗಿರಾಕಿ ಬಾಯಿ ಹಾಕಿದ್ರೆ ನನಗೆ ಮೈ ಉರಿಯುತ್ತೆ. ಅದಕ್ಕೇ ನಾನೂ ಸುಮ್ನಿದ್ದೆ. ನಿಮ್ಮ ಕೆಲಸಕ್ಕೆ ಮರ್ಯಾದೆ ಕೊಡ್ಬೇಕಲ್ಲ."

ಅವಳು ಅವನ ಕೈಯನ್ನು ನಂಬಿ ಕೂತಿದ್ದಳು, ಅವನು ಅವಳ ಕೈಯನ್ನು ನಂಬಿ ಮಲಗಿದ್ದ. ಗಾರೆ ತನ್ನ ಪಾಡಿಗೆ ತಾನು ಅಲ್ಲೇ ಬೆಳೆದಿತ್ತು.

ಅವನು ಮೆಟ್ಟಿಲಿಳಿದು ಹೋದ ಸದ್ದು ನಿಂತ ಮೇಲೆ ಹಲ್ಲಕ್ಕ ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಡಾಕ್ಟರು ಬಾಗಿಲು ಮುಂದೆ ಮಾಡಿ, ಅವಳನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ವರ್ಷದಲ್ಲಿ ಅವಳು ಅದರ ಮೇಲೆ ಕೂತದ್ದು ಅದೇ ಮೊದಲು. ಟೇಪು ಸುತ್ತಿದ ಜಾಗಕ್ಕೆ ಎಡಗೈ ತಾನಾಗಿ ಹೋಯಿತು.

"ಕಣ್ಮುಚ್ಚಿ ಅಕ್ಕ. ಯಾವ ಬೆರಳು ಮುಟ್ತೀನಿ, ಹೇಳ್ತಾ ಹೋಗಿ."

ಅವಳು ಕಣ್ಣು ಮುಚ್ಚಿ ಬಲಗೈ ಚಾಚಿ ಕಾದಳು. ಕೆಳಗೆ ಕನ್ನಡಕದ ಅಂಗಡಿಯವನು ಯಾರ ಜೊತೆಗೋ ಚೌಕಾಸಿ ಮಾಡುತ್ತಿದ್ದ. ಅದು ಮುಗಿಯಿತು. ಆಗಲೂ ಡಾಕ್ಟರು ಶುರು ಮಾಡಿರಲಿಲ್ಲ.

"ಮುಟ್ಟಿ ಡಾಕ್ಟ್ರೇ," ಅಂದಳು.

"ಮೂರು ಸಲ ಮುಟ್ಟಾಯ್ತು ಅಕ್ಕ."

ಕಣ್ಣು ಬಿಟ್ಟಳು. ಹತ್ತಿಯಲ್ಲಿ ಒಂದು ಸಲ, ಸೂಜಿಯಲ್ಲಿ ಎರಡು ಸಲ. ನಡುಬೆರಳಿನ ಮೇಲೆ ಸಣ್ಣ ಕೆಂಪು ಚುಕ್ಕಿ ಎರಡು ಇದ್ದವು.

ಆಗ ಅವಳಿಗೆ ಇನ್ನೊಂದು ನೆನಪಾಯಿತು. ನೆನಪಾದ ಕೂಡಲೇ ಎದ್ದು ಕೂತಳು. "ಗಾರೆ ಹಾಳಾಗಿ ಹೋಗ್ಲಿ ಡಾಕ್ಟ್ರೇ. ಕತ್ತು. ಈ ಬೆರಳಲ್ಲೇ ಎಷ್ಟು ಜನರ ಕತ್ತು ಮುಟ್ಟಿ ಏನಿಲ್ಲ ಅಂತ ಕಳ್ಸಿದ್ದೀನಿ."

ಕತ್ತಿನ ಗಂಟಿಗೆ ಕೈ ಎತ್ತುವವರು ಯಾರೂ ಇರಲಿಲ್ಲ. ಅದು ಕರಕರ ಎನ್ನುವುದಿಲ್ಲ.

ಕೈಗೆ ಜೋಮು ಶುರುವಾದಾಗಿನಿಂದ ಈಚಿನ ಏಳು ತಿಂಗಳ ಕಾರ್ಡುಗಳನ್ನು ಮೇಜಿನ ಮೇಲೆ ಗುಡ್ಡೆ ಹಾಕಿದರು. ಎಲ್ಲದರ ಮೇಲೂ ಅವಳದೇ ದುಂಡು ಅಕ್ಷರ: ಕತ್ತು ಸರಿ, ನಾಲಿಗೆ ಸರಿ, ನಯ. ಮರುದಿನದಿಂದ ಅವಳ ಕೆಲಸ ಫೋನಿನ ಪಕ್ಕದಲ್ಲಿ. ಒಬ್ಬೊಬ್ಬರಿಗೂ ಫೋನು ಮಾಡಿ, ಇನ್ನೊಂದು ಸಲ ಬನ್ನಿ, ಡಾಕ್ಟರೇ ನೋಡುತ್ತಾರೆ ಎನ್ನಬೇಕು.

"ಯಾಕೆ ಹಲ್ಲಕ್ಕ? ನೀವೇ ನೋಡಿದ್ರಲ್ಲ."

"ನಾನು ನೋಡಿದ್ದಕ್ಕೇ ಬನ್ನಿ ಅಂತಿರೋದು. ನನ್ನ ಬೆರಳಿಗೆ ಸ್ಪರ್ಶ ಹೋಗಿದೆ."

"ಅಯ್ಯೋ ಬಿಡಿ. ನಿಮ್ಮ ಕೈ ಸತ್ರೂ ಬೇರೆಯವ್ರ ಕೈಗಿಂತ ವಾಸಿ."

"ತಮಾಷೆ ಅಲ್ಲಮ್ಮ."

"ತಮಾಷೆ ಯಾಕೆ ಮಾಡ್ಲಿ? ನನಗೆ ಏನೂ ಆಗಿಲ್ಲ. ನೀವು ಆರೋಗ್ಯ ನೋಡ್ಕೊಳ್ಳಿ, ಪಾಪ."

ಬೈಯುತ್ತಾರೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದಳು. ಬೈದರೆ ತಡೆದುಕೊಳ್ಳುತ್ತಿದ್ದಳು. ಜನ ಅವಳಿಗೇ ಸಮಾಧಾನ ಹೇಳಿ ಫೋನು ಇಡುತ್ತಿದ್ದರು. ತರಕಾರಿ ಅಂಗಡಿಯವನಂತೂ, "ಗಂಟಿದ್ರೆ ನಿಮ್ಮ ಕೈಗೆ ಸಿಗದೇ ಇರುತ್ತಾ?" ಎಂದು ಜೋರಾಗಿ ನಕ್ಕು, ಅವಳಿಗೆ ಒಳ್ಳೆಯದಾಗಲಿ ಎಂದು ಮನೆಯ ತರಕಾರಿ ಚೀಲಕ್ಕೆ ಎರಡು ನಿಂಬೆಹಣ್ಣು ಹೆಚ್ಚಿಗೆ ಹಾಕಿ ಕಳುಹಿಸಿದ. ಅವನನ್ನು ಮೂರು ಸಲ ಕರೆದಳು, ನಾಲ್ಕನೆಯ ಸಲ ಅಂಗಡಿಗೇ ಹೋಗಿ ನಿಂತಳು. ನಾಳೆ ಬರುತ್ತೇನೆ ಅಂದ. ಬಂದವರನ್ನು ಡಾಕ್ಟರು ನೋಡಿದರು. ಯಾರಲ್ಲೂ ಭಯಪಡುವಂಥದ್ದು ಸಿಗಲಿಲ್ಲ. ಬಾರದವರ ಕಾರ್ಡು ಹನ್ನೊಂದು ಉಳಿದವು. ಅವಕ್ಕೆ ರಬ್ಬರ್ ಬ್ಯಾಂಡು ಹಾಕಿ ಚೀಲದಲ್ಲಿಟ್ಟುಕೊಂಡು ಮನೆಗೂ ಒಯ್ಯುತ್ತಿದ್ದಳು, ಮತ್ತೆ ತರುತ್ತಿದ್ದಳು.

ಕೈಯ ಡಾಕ್ಟರು ಮಣಿಕಟ್ಟಿನಲ್ಲಿ ನರ ಹಿಸುಕಿಕೊಂಡು ಬಹಳ ಕಾಲವಾಗಿದೆ ಎಂದರು. ಕೊಯ್ದು ಬಿಡಿಸಿದರೆ ಇನ್ನಷ್ಟು ಕೆಡುವುದು ನಿಲ್ಲಬಹುದು. ಹೋದದ್ದು ಬರುತ್ತದೋ ಇಲ್ಲವೋ ಹೇಳಲಾಗದು. ಕೊಯ್ದರು. ಗಾಯ ಮಾಯಿತು. ದಿನವೂ ಅತ್ತೆ ಅಡುಗೆಮನೆಯಲ್ಲಿ ಅವಳನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಅಂಗೈಗೆ ಒಂದೊಂದು ವಸ್ತು ಇಟ್ಟು ಇದೇನು ಹೇಳು ಎನ್ನುತ್ತಿದ್ದಳು. ಬೀಗದ ಕೈ, ಗುಂಡಿ, ಬೆಂಕಿಕಡ್ಡಿ. ಸೊಸೆ ಸ್ಪರ್ಶ ಉಳಿದಿದ್ದ ಕಿರುಬೆರಳಿನಿಂದ ಕದ್ದು ಮುಟ್ಟಿ ಹೇಳಿಬಿಡುತ್ತಿದ್ದಳು. ಮುದುಕಿಗೆ ಅದು ಗೊತ್ತಾಗುತ್ತಿತ್ತು. ಆದರೂ, "ನೋಡಿದ್ಯಾ, ಬರ್ತಿದೆ," ಅನ್ನುತ್ತಿದ್ದಳು.

ನಾಲ್ಕು ತಿಂಗಳಾಯಿತು. ಆಸ್ಪತ್ರೆಯಲ್ಲಿ ಅವಳೀಗ ಬಾಯಿಂದ ನೀರು ಎಳೆಯುವ ಕೊಳವೆ ಹಿಡಿದು ನಿಲ್ಲುತ್ತಿದ್ದಳು, ಕಡ್ಡಿ ತೊಳೆದು ಬೇಯಿಸಿಡುತ್ತಿದ್ದಳು. ದರ್ಜಿ ಮಾಸ್ಟರ್ ಅಷ್ಟೂ ದಿನ ಬರಲಿಲ್ಲ. ಕೇಳಿದರೆ, "ಹಲ್ಲಕ್ಕ ಕುರ್ಚಿಗೆ ವಾಪಸ್ ಬರ್ಲಿ, ಬರ್ತೀನಿ," ಎಂದು ಹೇಳಿ ಕಳುಹಿಸಿದ್ದ. ಕೊನೆಗೆ ಅವಳೇ ಹೋಗಿ, ಹೊಲಿಗೆ ಯಂತ್ರದ ಮುಂದೆ ನಿಂತು, ಅವನು ಚಪ್ಪಲಿ ಮೆಟ್ಟುವವರೆಗೂ ಕದಲದೆ ಕರೆದುಕೊಂಡು ಬಂದಳು.

ಕುರ್ಚಿ ಒರಗಿಸಿ ಫ್ಯಾನು ಆರಿಸಿದಳು.

"ಕರಕರ ಅನ್ನಿಸಿದ್ರೆ ಕೈ ಎತ್ತಿ ಮಾಸ್ಟ್ರೇ. ಈ ಸಲ ಯಾರ ಮರ್ಯಾದೆಯನ್ನೂ ನೋಡ್ಬೇಡಿ."

ಡಾಕ್ಟರು ಯಂತ್ರ ಆಡಿಸಿ, ಕ್ಯುರೆಟ್ ಇಳಿಸಿ, ತಡಕುಸೂಜಿ ಹಿಡಿದರು. ಮಾಸ್ಟರ್ ಎರಡು ಸಲ ಕೈ ಎತ್ತಿದ. ಎರಡೂ ಸಲ ಗಾರೆ ಸಿಕ್ಕಿತು. ಮೂರನೆಯ ಸಲ ಕೆಳಗಿನ ಎಡಸಾಲಿನಲ್ಲಿ ಎತ್ತಿದ. ಡಾಕ್ಟರು ಹುಡುಕಿದರು, ಓರೆ ಬದಲಿಸಿ ಮತ್ತೆ ಹುಡುಕಿದರು.

"ಇಲ್ಲಿ ಏನಿಲ್ಲ ಮಾಸ್ಟ್ರೇ. ನಯವಾಗಿದೆ."

ಕೈ ಇಳಿಯಲಿಲ್ಲ. ಮಾಸ್ಟರ್ ಡಾಕ್ಟರನ್ನು ನೋಡುತ್ತಿರಲಿಲ್ಲ, ಹಲ್ಲಕ್ಕನನ್ನು ನೋಡುತ್ತಿದ್ದ.

ಡಾಕ್ಟರು ಸೂಜಿಯನ್ನು ಅವಳ ಕಡೆ ಚಾಚಿದರು. "ಒಂದ್ಸಲ ನೋಡಿ ಅಕ್ಕ. ಆಪರೇಷನ್ ಆಗಿ ನಾಲ್ಕು ತಿಂಗಳಾಯ್ತಲ್ಲ."

ಕೊಳವೆಯನ್ನು ಕೊಂಡಿಗೆ ಸಿಕ್ಕಿಸಿ ಅವಳು ಕೂತಳು. ಉಂಗುರ ಬೆರಳು ಪಕ್ಕದ ಹಲ್ಲನ್ನು ತಾನಾಗಿ ಹುಡುಕಿಕೊಂಡಿತು. ಮೂರು ಬೆರಳು ಕಡ್ಡಿಯನ್ನು ಇಪ್ಪತ್ತೇಳು ವರ್ಷ ಹಿಡಿದಂತೆಯೇ ಹಿಡಿದವು. ಕಣ್ಣು ಮುಚ್ಚಿ, ವಸಡಿನ ಕೆಳಗೆ ಇಳಿಸಿ, ಮೆಲ್ಲಗೆ ಎಳೆದಳು. ಇನ್ನೊಂದು ಸಲ ಎಳೆದಳು. ಉಸಿರು ಹಿಡಿದು ಮೂರನೆಯ ಸಲ. ಬಟ್ಟೆಯ ಗಂಟಿನೊಳಗೆ ಕೈ ಹಾಕಿದಂತಿತ್ತು. ಅದರಾಚೆ ಏನಾದರೂ ಇದ್ದಿರಬಹುದು, ಇಲ್ಲದಿರಬಹುದು.

ಕಣ್ಣು ತೆರೆದಳು. ಮಾಸ್ಟರನ ಕಣ್ಣು ಅವಳ ಮುಖದ ಮೇಲೆಯೇ ಇತ್ತು. ಅವಳು ನಯ ಎಂದರೆ ಆ ಕೈ ಇಳಿದುಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ನನಗೆ ಗೊತ್ತಾಗ್ತಿಲ್ಲ ಮಾಸ್ಟ್ರೇ," ಅಂದಳು. "ನನ್ನ ಮುಖ ನೋಡ್ಬೇಡಿ. ನಿಮಗೆ ಏನನ್ನಿಸುತ್ತೆ ಅದನ್ನ ಹೇಳಿ."

ಮಾಸ್ಟರ್ ಕಣ್ಣನ್ನು ಚಾವಣಿಗೆ ತಿರುಗಿಸಿದ. ಎತ್ತಿದ ಕೈ ಕೆಳಗೆ ಬರಲಿಲ್ಲ.

ಹಲ್ಲಕ್ಕ ಎದ್ದು, ಸೂಜಿಯನ್ನು ಡಾಕ್ಟರ ಕೈಗೆ ಕೊಟ್ಟು, ಕೊಂಡಿಯಿಂದ ಕೊಳವೆ ತೆಗೆದುಕೊಂಡಳು. ಡಾಕ್ಟರು ದೀಪವನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು.

"ಮತ್ತೆ ನೋಡಿ ಡಾಕ್ಟ್ರೇ," ಅಂದಳು. "ಇನ್ನೂ ಇದೆ ಅಂತಿದ್ದಾರೆ."